ಲಾಫಿಂಗ್ ಗ್ಯಾಸ್ ಕಾರಿನ ಎಂಜಿನ್‌ನಲ್ಲಿ ಪೆಟ್ರೋಲ್‌ನಂತೆ ಉರಿಯುತ್ತದೆಯೇ? ಹಂಫ್ರಿ ಡೇವಿ ಕಂಡುಕೊಂಡ ಸತ್ಯ

ಸಿನಿಮಾಗಳಲ್ಲಿ ನೋಡಿರುತ್ತೀರಿ. ಹೀರೋ ಒಂದು ಬಟನ್ ಒತ್ತಿದ ಕೂಡಲೇ ಕಾರು ರಾಕೆಟ್‌ನಂತೆ ಚಿಮ್ಮುತ್ತದೆ. ಅದು ನೈಟ್ರಸ್ ಆಕ್ಸೈಡ್, ಅಂದರೆ ಲಾಫಿಂಗ್ ಗ್ಯಾಸ್‌ನ ಕೆಲಸ. ಇದು ಪೆಟ್ರೋಲ್‌ಗಿಂತ ಜೋರಾಗಿ ಉರಿಯುವ ಇಂಧನ ಎಂದು ಹಲವರು ನಂಬಿದ್ದಾರೆ. ವಾಸ್ತವದಲ್ಲಿ ಈ ಅನಿಲ ತಾನಾಗಿ ಉರಿಯುವುದೇ ಇಲ್ಲ. ಈ ಗುಟ್ಟು ತಿಳಿಯಲು ಕಾರುಗಳೇ ಇಲ್ಲದ ಕಾಲದ ಒಬ್ಬ ವಿಜ್ಞಾನಿಯ ಬದುಕನ್ನು ನೋಡೋಣ.

ವದಂತಿಯನ್ನು ಪರೀಕ್ಷೆಗೆ ಒಡ್ಡಿದ ಹುಡುಗ

ಹಂಫ್ರಿ ಡೇವಿ ಹುಟ್ಟಿದ್ದು 1778ರಲ್ಲಿ, ಇಂಗ್ಲೆಂಡಿನ ಪೆನ್ಜಾನ್ಸ್ ಊರಿನಲ್ಲಿ. ತಂದೆ ಮರದ ಕೆತ್ತನೆಗಾರ. ಅವರು ತೀರಿಕೊಂಡ ಮೇಲೆ ಹುಡುಗ ಸ್ಥಳೀಯ ವೈದ್ಯರ ಬಳಿ ಕೆಲಸ ಕಲಿಯಲು ಸೇರಿದ.

ನೈಟ್ರಸ್ ಆಕ್ಸೈಡನ್ನು ಜೋಸೆಫ್ ಪ್ರೀಸ್ಟ್ಲಿ 1772ರಲ್ಲೇ ತಯಾರಿಸಿದ್ದರು. ಆದರೆ ಸಾಂಕ್ರಾಮಿಕ ರೋಗಗಳನ್ನು ಹರಡುವುದೇ ಈ ಅನಿಲ ಎಂದು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಮಿಚಿಲ್ ವಾದಿಸಿದ್ದರು. 1798ರಲ್ಲಿ 19ರ ಹರೆಯದ ಡೇವಿ ಅದನ್ನು ಓದಿ ಸುಮ್ಮನೆ ನಂಬಲಿಲ್ಲ. ತಾವೇ ಸ್ವಲ್ಪ ಉಸಿರಾಡಿ ನೋಡಿದರು. ರೋಗ ಬರಲಿಲ್ಲ.

ಅದೇ ವರ್ಷ ಅವರು ಬ್ರಿಸ್ಟಲ್‌ನಲ್ಲಿ ವೈದ್ಯ ಥಾಮಸ್ ಬೆಡೋಸ್ ಅವರ ಸಂಸ್ಥೆ ಸೇರಿದರು. ಅಲ್ಲಿ ಅನಿಲಗಳಿಂದ ಕಾಯಿಲೆ ವಾಸಿಮಾಡುವ ಪ್ರಯತ್ನ ನಡೆದಿತ್ತು. ಡೇವಿ ಮತ್ತು ಗೆಳೆಯರು ರೇಷ್ಮೆ ಚೀಲಗಳಿಂದ ನೈಟ್ರಸ್ ಆಕ್ಸೈಡ್ ಎಳೆದುಕೊಂಡರು, ನಕ್ಕರು, ಕುಣಿದರು. ಎಲ್ಲ ಪ್ರಯೋಗವೂ ನಗುವಿನಲ್ಲಿ ಮುಗಿಯಲಿಲ್ಲ. ಕಾರ್ಬನ್ ಮೊನಾಕ್ಸೈಡ್ ಇದ್ದ ಮತ್ತೊಂದು ಅನಿಲ ಉಸಿರಾಡಿ ಡೇವಿ ಸಾವಿನಂಚಿಗೆ ಹೋಗಿ ಬಂದರು.

ಎಂಜಿನ್ ಗುಟ್ಟು ಇಲ್ಲೇ ಇದೆ

1800ರಲ್ಲಿ ಡೇವಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಮುಖ್ಯ ಸಂಗತಿ ಇತ್ತು. ಮಂದವಾಗಿ ಉರಿಯುವ ಗಂಧಕವನ್ನು ಈ ಅನಿಲದಲ್ಲಿಟ್ಟರೆ ಆರಿಹೋಗುತ್ತದೆ. ಜೋರಾಗಿ ಉರಿಯುತ್ತಿದ್ದರೆ ಇನ್ನಷ್ಟು ಪ್ರಜ್ವಲಿಸುತ್ತದೆ. ಅಂದರೆ ಸಾಕಷ್ಟು ಬಿಸಿ ಸಿಕ್ಕರೆ ಮಾತ್ರ ಅನಿಲ ಒಡೆದು ಆಮ್ಲಜನಕ ಬಿಟ್ಟುಕೊಡುತ್ತದೆ.

ಎಂಜಿನ್‌ನಲ್ಲೂ ಆಗುವುದು ಇದೇ. ಗಾಳಿಯ ತೂಕದಲ್ಲಿ ಆಮ್ಲಜನಕ ಸುಮಾರು 23%. ನೈಟ್ರಸ್ ಆಕ್ಸೈಡ್‌ನಲ್ಲಿ ಸುಮಾರು 36%. ಸಿಲಿಂಡರಿನೊಳಗಿನ ಬಿಸಿಗೆ ಅದು ಒಡೆದಾಗ ಹೆಚ್ಚು ಆಮ್ಲಜನಕ ಸಿಗುತ್ತದೆ, ಆಗ ಹೆಚ್ಚು ಪೆಟ್ರೋಲ್ ಸುಡಬಹುದು. ದ್ರವರೂಪದಲ್ಲಿದ್ದ ಅನಿಲ ಆವಿಯಾಗುವಾಗ ಒಳಬರುವ ಗಾಳಿಯೂ ತಣ್ಣಗಾಗಿ ದಟ್ಟವಾಗುತ್ತದೆ. ಶಕ್ತಿ ಬರುವುದು ಮಾತ್ರ ಪೆಟ್ರೋಲ್‌ನಿಂದಲೇ. ಹಾಗಾಗಿ ಮೈಲೇಜ್ ಹೆಚ್ಚುವ ಮಾತೇ ಇಲ್ಲ, ಕಡಿಮೆಯಾಗುತ್ತದೆ. ಜೊತೆಗೆ ಬೇಕಾದಷ್ಟು ಪೆಟ್ರೋಲ್ ಸೇರದಿದ್ದರೆ ಅತಿಯಾದ ಶಾಖಕ್ಕೆ ಪಿಸ್ಟನ್ ಕರಗಬಹುದು.

44 ವರ್ಷ ಕಳೆದುಹೋದ ಸೂಚನೆ

ಅದೇ ಪುಸ್ತಕದಲ್ಲಿ ಇನ್ನೊಂದು ಸೂಚನೆಯಿತ್ತು. ತಮ್ಮ ಹಲ್ಲುನೋವು ಈ ಅನಿಲದಿಂದ ತಗ್ಗಿದ್ದನ್ನು ಗಮನಿಸಿದ್ದ ಡೇವಿ, ಶಸ್ತ್ರಚಿಕಿತ್ಸೆಯಲ್ಲಿ ಇದು ನೋವು ಮರೆಸಬಹುದು ಎಂದು ಬರೆದಿದ್ದರು. ಯಾರೂ ಕಿವಿಗೊಡಲಿಲ್ಲ. ಜನ ಇದನ್ನು ಮೋಜಿಗೆ ಬಳಸಿದರು, ರೋಗಿಗಳು ಎಚ್ಚರದಲ್ಲೇ ಕತ್ತರಿಗೆ ಮೈಯೊಡ್ಡಿದರು. 1844ರಲ್ಲಿ ಅಮೆರಿಕದ ದಂತವೈದ್ಯ ಹೊರೇಸ್ ವೆಲ್ಸ್ ಇದನ್ನು ಉಸಿರಾಡಿ ತಮ್ಮದೇ ಹಲ್ಲು ಕೀಳಿಸಿಕೊಂಡರು.

ಅಷ್ಟರಲ್ಲಿ ಡೇವಿ ಇರಲಿಲ್ಲ. ಸೋಡಿಯಂ, ಪೊಟ್ಯಾಸಿಯಂ ಬೇರ್ಪಡಿಸಿದ, ಗಣಿ ಕಾರ್ಮಿಕರಿಗೆ ಸುರಕ್ಷಾ ದೀಪ ಕೊಟ್ಟ, ಮೈಕೆಲ್ ಫ್ಯಾರಡೆಯನ್ನು ಸಹಾಯಕನಾಗಿ ಸೇರಿಸಿಕೊಂಡ ಈ ವಿಜ್ಞಾನಿ 1829ರಲ್ಲಿ ಜಿನೀವಾದಲ್ಲಿ ತೀರಿಕೊಂಡರು. ವಯಸ್ಸು ಬರೀ 50.

ನೆನಪಿಡಿ

ಡೇವಿ ಉಸಿರಾಡಿದರೆಂದು ನಾವು ಪ್ರಯತ್ನಿಸಬಾರದು. ಆಸ್ಪತ್ರೆಯಲ್ಲಿ ಇದನ್ನು ಆಮ್ಲಜನಕದ ಜೊತೆ ಅಳತೆಯಲ್ಲಿ ಕೊಡುತ್ತಾರೆ. ಸಿಲಿಂಡರಿನಿಂದ ನೇರವಾಗಿ ಎಳೆದುಕೊಂಡರೆ ದೇಹಕ್ಕೆ ಆಮ್ಲಜನಕ ಸಿಗದೆ ಸಾವು ಬರಬಹುದು. ಪದೇಪದೇ ಬಳಸಿದರೆ ವಿಟಮಿನ್ ಬಿ12 ಕೆಲಸಕ್ಕೆ ಬಾರದಂತಾಗಿ ನರಗಳು ಹಾಳಾಗುತ್ತವೆ. ಕಾರಿಗೆ ಲಾಫಿಂಗ್ ಗ್ಯಾಸ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಸಂದೇಶ ನಿಮ್ಮ ಗ್ರೂಪ್‌ಗೆ ಬಂದರೆ ಮುಂದೆ ಕಳಿಸಬೇಡಿ, ಕಳಿಸಿದವರಿಗೆ ಕಾರಣ ತಿಳಿಸಿ.