ದ್ರಾಕ್ಷಿಗಾಗಿ 22 ವರ್ಷ ಕಾದ ಝಾಂಗ್ ಬಿಶಿ

ಚೀನಾದ ಕರಾವಳಿ ನಗರ ಯಾಂಟಾಯ್ ಇಂದು ವೈನ್‌ಗೆ ಹೆಸರುವಾಸಿ. ಅದಕ್ಕೆ ಬುನಾದಿ ಹಾಕಿದ ಝಾಂಗ್ ಬಿಶಿ ಆ ಊರಿನವರಲ್ಲ. ದೂರದ ದಕ್ಷಿಣದ ಗುವಾಂಗ್‌ಡಾಂಗ್ ಪ್ರಾಂತ್ಯದ ಬಡ ಮನೆಯ ಹುಡುಗ. ಹದಿಹರೆಯದಲ್ಲೇ ಹೊಟ್ಟೆಪಾಡಿಗೆ ಹಡಗು ಹತ್ತಿ ಬಟಾವಿಯಾಕ್ಕೆ, ಅಂದರೆ ಇಂದಿನ ಜಕಾರ್ತಾಕ್ಕೆ ಹೋದವರು. ಅಂಗಡಿ ಕೆಲಸದಿಂದ ಆರಂಭಿಸಿ ತೋಟ, ಹಡಗು, ಬ್ಯಾಂಕ್ ಎನ್ನುತ್ತಾ ಭಾರೀ ಸಾಹುಕಾರರಾದರು.

ಯಾಂಟಾಯ್ ಮಣ್ಣು ದ್ರಾಕ್ಷಿಗೆ ಒಗ್ಗುತ್ತದೆ ಎಂಬ ಮಾತು ಬಟಾವಿಯಾದ ಒಂದು ಔತಣದಲ್ಲಿ ಫ್ರೆಂಚ್ ಅಧಿಕಾರಿಯಿಂದ ಅವರ ಕಿವಿಗೆ ಬಿತ್ತಂತೆ. ಅದು ಮನಸ್ಸಿನಲ್ಲೇ ಉಳಿಯಿತು. 1892ರಲ್ಲಿ ಅಲ್ಲಿ ಚಾಂಗ್‌ಯು ಕಂಪನಿ ಸ್ಥಾಪಿಸಿದರು.

ಕಷ್ಟ ಶುರುವಾದದ್ದು ಆಮೇಲೆ. ಹೊರದೇಶದಿಂದ ಹಡಗಿನಲ್ಲಿ ತರಿಸಿದ ಬಳ್ಳಿಗಳಲ್ಲಿ ಬಹಳಷ್ಟು ಒಣಗಿ ಹೋದವು. ಮತ್ತೆ ತರಿಸಿದರು. ಯುರೋಪಿನ ಬಳ್ಳಿಯನ್ನು ಗಟ್ಟಿ ಬೇರಿನ ಕಾಡು ದ್ರಾಕ್ಷಿಗೆ ಕಸಿ ಕಟ್ಟಿದ ಮೇಲಷ್ಟೇ ತೋಟ ನಿಂತಿತು. ನೆಲಮಾಳಿಗೆಯದೂ ಅದೇ ಕಥೆ. ಕಡಲು ಪಕ್ಕದಲ್ಲೇ ಇದ್ದುದರಿಂದ ಅಗೆದಲ್ಲೆಲ್ಲ ನೀರು. ಕಟ್ಟಿ ಕೆಡವಿ, ಕೊನೆಗೆ 1905ರಲ್ಲಿ ಕೆಲಸ ಮುಗಿಯಿತು. ವೈನ್ ತಯಾರಿಕೆಗೆ ಆಸ್ಟ್ರಿಯಾದ ಬಾಬೊ ಎಂಬ ತಜ್ಞರನ್ನು ನೇಮಿಸಿದ್ದರು.

ಅಷ್ಟೂ ವರ್ಷ ಖರ್ಚೇ ಖರ್ಚು. ಬೇರೆ ವ್ಯಾಪಾರಗಳ ಹಣ ಇಲ್ಲದಿದ್ದರೆ ತೋಟ ಎಂದೋ ಪಾಳು ಬೀಳುತ್ತಿತ್ತು. ಸರಕು ಅಧಿಕೃತವಾಗಿ ಮಾರುಕಟ್ಟೆಗೆ ಬಂದದ್ದು 1914ರಲ್ಲಿ. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೋದ ಪನಾಮಾ ಮೇಳದಲ್ಲಿ ಚಾಂಗ್‌ಯು ಬ್ರಾಂದಿಗೆ ಚಿನ್ನದ ಪದಕ ಬಂತು. ಚೀನಾ ವರ್ತಕರ ನಿಯೋಗದ ಮುಖಂಡರಾಗಿ ಝಾಂಗ್ ಆ ವರ್ಷ ಅಮೆರಿಕಕ್ಕೂ ಹೋಗಿದ್ದರು.

1916ರಲ್ಲಿ ಬಟಾವಿಯಾದಲ್ಲೇ ನಿಧನರಾದರು. ಮಾರಾಟ ಆರಂಭವಾಗಿ ಆಗಿನ್ನೂ ಎರಡೇ ವರ್ಷ.