ಕಸುಬಿಗೆ ಕರಾರು ಬರೆಸಿದ ಗುರು

ಜನವರಿ 31 ಸಂತ ಜಾನ್ ಬೋಸ್ಕೊರವರ ಹಬ್ಬ. ಆ ಹೊತ್ತಿಗೆ ನಮ್ಮ ಆಳಂದ, ಅಫಜಲಪುರ, ಜೇವರ್ಗಿ ಸೀಮೆಯಲ್ಲಿ ತೊಗರಿ ರಾಶಿ ಮುಗಿಯುತ್ತಾ ಬಂದಿರುತ್ತದೆ. ಹೊಲದ ಕೆಲಸ ತೀರಿದೊಡನೆ ಅನೇಕ ಯುವಕರು ಪುಣೆ, ಮುಂಬಯಿ, ಬೆಂಗಳೂರುಗಳತ್ತ ಹೊರಡುತ್ತಾರೆ. ಕಸುಬು ಕಲಿಯದವರ ಪಾಲಿಗೆ ಅಲ್ಲಿ ಉಳಿಯುವುದು ಇಟ್ಟಿಗೆ, ಮರಳು ಹೊರುವ ಕೂಲಿ. ಇಂಥ ಮಕ್ಕಳಿಗಾಗಿಯೇ ಬಾಳು ಸವೆಸಿದ ಈ ಸಂತರನ್ನು ಇಂದು ಸ್ಮರಿಸೋಣ.

ಇವರು 1815ರ ಆಗಸ್ಟ್ 16ರಂದು ಉತ್ತರ ಇಟಲಿಯ ಬೆಕ್ಕಿ ಎಂಬ ಕುಗ್ರಾಮದ ಬಡ ರೈತ ಕುಟುಂಬದಲ್ಲಿ ಜನಿಸಿದರು. ಎರಡು ವರ್ಷ ತುಂಬುವ ಮೊದಲೇ ತಂದೆಯನ್ನು ಕಳೆದುಕೊಂಡರು. ತಾಯಿ ಮಾರ್ಗರೀತಾ ಕಷ್ಟಪಟ್ಟು ಸಾಕಿದರು. ಬಾಲಕ ಜಾನ್ ಪರರ ಹೊಲದಲ್ಲಿ ಆಳಾಗಿ ದುಡಿದರು. ಓದುವ ದಿನಗಳಲ್ಲಿ ಹೊಲಿಗೆ, ಬಡಗಿತನ, ಕಮ್ಮಾರಿಕೆಗಳನ್ನೂ ಕಲಿತರು. 1841ರ ಜೂನ್ 5ರಂದು ಗುರುದೀಕ್ಷೆ ಪಡೆದರು.

ಆಗ ಟ್ಯೂರಿನ್ ನಗರ ಬೆಳೆಯುತ್ತಿತ್ತು. ಹಳ್ಳಿಗಳಿಂದ ಬಂದ ಹುಡುಗರು ಕಟ್ಟಡಗಳಲ್ಲಿ ದುಡಿದು, ಬೀದಿಯಲ್ಲಿ ಅಲೆದು, ಕೆಲವರು ಸೆರೆಮನೆ ಸೇರುತ್ತಿದ್ದರು. ಬಿಡುಗಡೆಯಾದ ಮೇಲೆ ಕೈಹಿಡಿಯುವವರಿಲ್ಲದೆ ಮತ್ತೆ ಅಲ್ಲಿಗೇ ಮರಳುವುದನ್ನು ಯುವಗುರು ಕಣ್ಣಾರೆ ಕಂಡರು. ಅದೇ ವರ್ಷ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನ, ದೇವಾಲಯದಲ್ಲಿ ಬಾರ್ತೊಲೊಮಿಯೊ ಗರೆಲ್ಲಿ ಎಂಬ ಅನಾಥ ಗಾರೆ ಕೆಲಸದ ಹುಡುಗನನ್ನು ಅಲ್ಲಿನ ಸೇವಕ ಹೊಡೆದಟ್ಟಿದ. ಡಾನ್ ಬೋಸ್ಕೊ ಅವನನ್ನು ಮರಳಿ ಕರೆಸಿ, ಸ್ನೇಹಿತನೆಂದು ಆದರಿಸಿ, ಧರ್ಮೋಪದೇಶ ಆರಂಭಿಸಿದರು. ಅವರ ಸೇವೆಯ ಬೀಜ ಅದೇ.

ಹುಡುಗರನ್ನು ಕೆಲಸಕ್ಕೆ ಸೇರಿಸಿ ಅವರು ಕೈತೊಳೆದುಕೊಳ್ಳಲಿಲ್ಲ. ಯಜಮಾನರೊಡನೆ ಲಿಖಿತ ಕರಾರು ಮಾಡಿಸಿದರು. 1852ರ ಫೆಬ್ರವರಿ 8ರಂದು ಒಬ್ಬ ಬಡಗಿಯೊಂದಿಗೆ ಆದ ಕರಾರು ಇಂದಿಗೂ ಪ್ರಸಿದ್ಧ. ಯಜಮಾನನು ಎರಡು ವರ್ಷ ಕಸುಬನ್ನು ಪೂರ್ತಿಯಾಗಿ ಕಲಿಸಬೇಕು. ತಪ್ಪಿದರೆ ಮಾತಿನಿಂದ ತಿದ್ದಬೇಕೇ ಹೊರತು ಹೊಡೆಯಬಾರದು. ಕಸುಬಿಗೆ ಹೊರತಾದ ಚಾಕರಿ ಹೇಳಬಾರದು. ಕೂಲಿ ಹಂತಹಂತವಾಗಿ ಏರಬೇಕು. ಭಾನುವಾರ ಬಿಡುವು, ವರ್ಷಕ್ಕೆ 15 ದಿನ ರಜೆ ಕೊಡಬೇಕು. ನಮ್ಮ ದೇಶದಲ್ಲಿ ಅಪ್ರೆಂಟಿಸ್ ಕಾಯ್ದೆ ಬಂದದ್ದು 1961ರಲ್ಲಿ ಎಂಬುದನ್ನು ನೆನೆದರೆ ಅವರ ದೂರದೃಷ್ಟಿ ಅರ್ಥವಾಗುತ್ತದೆ.

ಹೊರಗಿನ ಕಾರ್ಖಾನೆಗಳಲ್ಲಿ ಮಕ್ಕಳ ನಡತೆ ಕೆಡುವುದನ್ನು ಕಂಡು, 1853ರಿಂದ ವಾಲ್ದೊಕ್ಕೊದಲ್ಲಿ ತಾವೇ ಕಾರ್ಯಾಗಾರಗಳನ್ನು ತೆರೆದರು: ಮೊದಲು ಪಾದರಕ್ಷೆ, ಹೊಲಿಗೆ, ಬಳಿಕ ಪುಸ್ತಕಕ್ಕೆ ರಟ್ಟು ಕಟ್ಟುವುದು, ಬಡಗಿತನ, ಮುದ್ರಣ, ಕಮ್ಮಾರಿಕೆ. 1859ರಲ್ಲಿ ಸಲೇಸಿಯನ್ ಸಭೆ ಹುಟ್ಟಿತು. ಜ್ವರದಿಂದ ಸೊರಗಿ ಹೊಲದ ಕೆಲಸ ಬಿಟ್ಟು, ಹೊಲಿಗೆ ಕಲಿತು ಹಳ್ಳಿಯ ಹುಡುಗಿಯರಿಗೂ ಕಲಿಸಿದ ಸಂತ ಮರಿಯ ಮಜ್ಜರೆಲ್ಲೊರವರೊಡನೆ 1872ರಲ್ಲಿ ಕನ್ಯಾಸ್ತ್ರೀಯರ ಸಭೆಯೂ ರೂಪುಗೊಂಡಿತು. 1888ರ ಜನವರಿ 31ರಂದು ಡಾನ್ ಬೋಸ್ಕೊ ದೈವಾಧೀನರಾದರು. 1934ರ ಪಾಸ್ಕ ಹಬ್ಬದಂದು ಸಂತರೆಂದು ಘೋಷಿತರಾದರು. ಅವರ ಸಹೋದರರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ನೆಲೆಯೂರಿದರು.

ಕಾಯಕಕ್ಕೆ ಗೌರವವಿತ್ತ ಶರಣರ ನಾಡು ನಮ್ಮದು. ನಮ್ಮ ಪ್ರಭುವೂ ನಜರೇತಿನ ಬಡಗಿಯೇ. ಆದರೂ ಮಗ ವೆಲ್ಡಿಂಗ್ ಕಲಿಯುವೆನೆಂದರೆ, ಮಗಳು ವಿದ್ಯುತ್ ಕೆಲಸ ಕಲಿಯುವೆನೆಂದರೆ ನಾವು ಮುಖ ತಗ್ಗಿಸುತ್ತೇವೆ. ಕೆಲಸದ ಬೆಲೆ ಕೆಲಸದಿಂದಲ್ಲ, ಅದನ್ನು ಮಾಡುವ ಮನುಷ್ಯನಿಂದ ಬರುತ್ತದೆ. ಈ ಸಲ ಊರು ಬಿಟ್ಟು ಹೊರಡುವ ಹುಡುಗನನ್ನು ತಡೆದು, ಐ.ಟಿ.ಐ.ಗೋ ಒಳ್ಳೆಯ ಮೇಸ್ತ್ರಿಯ ಬಳಿಗೋ ನಾವೇ ಜೊತೆಯಾಗಿ ಕರೆದೊಯ್ಯೋಣ. ಸಂತ ಜಾನ್ ಬೋಸ್ಕೊ ನಮಗಾಗಿ ಪ್ರಾರ್ಥಿಸಲಿ.