ಸಿ. ರಂಗಾಚಾರ್ಲು

ಸಿ. ರಂಗಾಚಾರ್ಲು (೧೮೩೧ – ೨೦ ಜನವರಿ ೧೮೮೩) ಮೈಸೂರು ಸಂಸ್ಥಾನದ ದಿವಾನರಾಗಿದ್ದ ಆಡಳಿತಗಾರರು. ೧೮೮೧ರಲ್ಲಿ ಬ್ರಿಟಿಷರು ಸಂಸ್ಥಾನವನ್ನು ಒಡೆಯರ ವಂಶಕ್ಕೆ ಹಿಂದಿರುಗಿಸಿದ ಮೇಲೆ ದಿವಾನರಾದ ಮೊದಲಿಗರು. ಪ್ರಜಾಪ್ರತಿನಿಧಿ ಸಭೆಯ ಸ್ಥಾಪನೆಗೂ ಆಡಳಿತ ವೆಚ್ಚದ ಕಡಿತಕ್ಕೂ ಇವರು ಹೆಸರಾಗಿದ್ದಾರೆ.

ಆರಂಭಿಕ ಜೀವನ

ರಂಗಾಚಾರ್ಲು ಮದರಾಸು ಪ್ರಾಂತದ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಜನಿಸಿದರು. ಮದರಾಸು ಸರ್ಕಾರದ ಸೇವೆಗೆ ಸೇರಿ ಕಂದಾಯ ಆಡಳಿತದಲ್ಲಿ ಅನುಭವ ಪಡೆದರು. ೧೮೬೮ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ನಿಧನರಾದಾಗ ಅರಮನೆಯ ಸಾಲವನ್ನು ತೀರಿಸುವ ಹಾಗೂ ಅದರ ವಿಸ್ತಾರವಾದ ಸಿಬ್ಬಂದಿಯನ್ನು ಮರುವ್ಯವಸ್ಥೆಗೊಳಿಸುವ ಕಾರ್ಯಕ್ಕಾಗಿ ಮೈಸೂರಿಗೆ ಬಂದರು. ಅನಂತರ ಅರಮನೆಯ ಆಡಳಿತದ ಮೇಲ್ವಿಚಾರಣೆಯನ್ನು ವಹಿಸಿಕೊಂಡರು.

ಸಿಬ್ಬಂದಿ ನೀತಿ

ಮೈಸೂರಿನ ಬ್ರಿಟಿಷ್ ಆಡಳಿತವನ್ನು ವಿಮರ್ಶಿಸಿ ರಂಗಾಚಾರ್ಲು ೧೮೭೪ರಲ್ಲಿ ಒಂದು ಕಿರುಹೊತ್ತಗೆಯನ್ನು ಪ್ರಕಟಿಸಿದರು. ಹೆಚ್ಚು ಸಂಬಳದ ಯುರೋಪಿಯನ್ ಅಧಿಕಾರಿಗಳ ಸಂಖ್ಯೆ ಸಂಸ್ಥಾನದ ಅಗತ್ಯವನ್ನೂ ಶಕ್ತಿಯನ್ನೂ ಮೀರಿದೆ, ಆ ಹುದ್ದೆಗಳಿಗೆ ಅರ್ಹ ದೇಶೀಯರನ್ನು ನೇಮಿಸಬೇಕು ಎಂಬುದು ಅವರ ನಿಲುವಾಗಿತ್ತು.

ಕೆಲವೇ ವರ್ಷಗಳಲ್ಲಿ ಈ ಪ್ರಶ್ನೆ ತುರ್ತಿನದಾಯಿತು. ೧೮೭೬–೭೮ರ ಭೀಕರ ಕ್ಷಾಮದ ಪರಿಣಾಮವಾಗಿ, ೧೮೭೧ರಲ್ಲಿ ಸುಮಾರು ೫೦ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆ ೧೮೮೧ರ ವೇಳೆಗೆ ಸುಮಾರು ೪೨ ಲಕ್ಷಕ್ಕೆ ಇಳಿದಿತ್ತು. ಬೊಕ್ಕಸದ ಮೇಲೆ ಭಾರೀ ಸಾಲವಿತ್ತು. ೧೮೮೧ರ ಮಾರ್ಚ್ ೨೫ರಂದು ಹತ್ತನೆಯ ಚಾಮರಾಜೇಂದ್ರ ಒಡೆಯರು ಅಧಿಕಾರ ವಹಿಸಿಕೊಂಡಾಗ ದಿವಾನರಾದ ರಂಗಾಚಾರ್ಲು, ವೆಚ್ಚವನ್ನು ಆದಾಯದ ಮಿತಿಗೆ ತರಲು ಆಡಳಿತ ಯಂತ್ರವನ್ನೇ ಕಿರಿದಾಗಿಸಿದರು. ಹಾಸನ ಮತ್ತು ಚಿತ್ರದುರ್ಗ ಜಿಲ್ಲೆಗಳನ್ನು ೧೮೮೨ರಲ್ಲಿ ಉಪವಿಭಾಗಗಳಾಗಿ ಪರಿವರ್ತಿಸಿದುದರಿಂದ ಜಿಲ್ಲೆಗಳ ಸಂಖ್ಯೆ ಎಂಟರಿಂದ ಆರಕ್ಕೆ ಇಳಿಯಿತು. ಇದರಿಂದ ಮೇಲಿನ ದರ್ಜೆಯ ಹುದ್ದೆಗಳು ಕಡಿಮೆಯಾದವು. ಉಳಿದ ಅಧಿಕಾರಿಗಳ ವ್ಯಾಪ್ತಿ ಹಿಗ್ಗಿತು.

ಪ್ರಜಾಪ್ರತಿನಿಧಿ ಸಭೆ

ಆಡಳಿತ ಯಂತ್ರವು ಕಿರಿದಾಗುತ್ತಿದ್ದ ಕಾಲದಲ್ಲಿಯೇ ಜನರ ಕುಂದುಕೊರತೆಗಳು ಸರ್ಕಾರವನ್ನು ನೇರವಾಗಿ ತಲುಪುವ ಮಾರ್ಗವೂ ತೆರೆಯಿತು. ೧೮೮೧ರ ಅಕ್ಟೋಬರ್ ೭ರಂದು ಪ್ರಜಾಪ್ರತಿನಿಧಿ ಸಭೆಯ ಮೊದಲ ಅಧಿವೇಶನ ನಡೆಯಿತು. ಅದರಲ್ಲಿ ೧೪೪ ಪ್ರತಿನಿಧಿಗಳಿದ್ದರು. ಆರಂಭದಲ್ಲಿ ಸಭೆಗೆ ಕಾನೂನು ರಚಿಸುವ ಅಧಿಕಾರವಿರಲಿಲ್ಲ. ಸರ್ಕಾರದ ಕಾರ್ಯಗಳ ವರದಿಯನ್ನು ಕೇಳಿ, ಅಹವಾಲುಗಳನ್ನು ಮಂಡಿಸುವುದು ಅದರ ಉದ್ದೇಶವಾಗಿತ್ತು.

ನಿಧನ ಮತ್ತು ಪರಂಪರೆ

ದಿವಾನಗಿರಿಯ ಎರಡನೆಯ ವರ್ಷ ಮುಗಿಯುವ ಮೊದಲೇ ರಂಗಾಚಾರ್ಲು ನಿಧನರಾದರು. ಅವರ ಬಳಿಕ ಕೆ. ಶೇಷಾದ್ರಿ ಅಯ್ಯರ್ ದಿವಾನರಾದರು. ಹಾಸನ ಮತ್ತು ಚಿತ್ರದುರ್ಗಗಳು ೧೮೮೬ರಲ್ಲಿ ಮತ್ತೆ ಜಿಲ್ಲೆಗಳಾದವು. ಹೀಗೆ ರಂಗಾಚಾರ್ಲು ಅವರ ಕಡಿತಗಳಲ್ಲಿ ಮುಖ್ಯವಾದುದೊಂದು ನಾಲ್ಕೇ ವರ್ಷ ಉಳಿಯಿತು. ಪ್ರಜಾಪ್ರತಿನಿಧಿ ಸಭೆ ಮಾತ್ರ ಸಂಸ್ಥಾನದ ಆಡಳಿತದಲ್ಲಿ ದೀರ್ಘಕಾಲ ಮುಂದುವರಿಯಿತು. ಮೈಸೂರಿನ ಪುರಭವನವು ರಂಗಾಚಾರ್ಲು ಅವರ ಸ್ಮಾರಕವಾಗಿದೆ.